ಬೊಂಬಾಯಿ ಹುಲ್ಲಿಗೆ ಕಂಬಳಿ ತೇಪೆ

ನಮ್ಮ ಮನೆಯ ನೆಮ್ಮದಿ ಕೆಡಲು ಶುರುವಾದದ್ದು ಒಂದು ಭಾನುವಾರ ಬೆಳಗ್ಗೆ ಸರಿಯಾಗಿ ಏಳು ಗಂಟೆ ಹತ್ತು ನಿಮಿಷಕ್ಕೆ. ಅದಕ್ಕೆ ಮುಂಚೆ ನಾನು ಹೊಸದುರ್ಗದ ಒಬ್ಬ ಮರ್ಯಾದಸ್ಥ ವಿಜ್ಞಾನದ ಮೇಷ್ಟ್ರು. ಆಮೇಲೆ ಏನಾದೆ ಎಂಬುದನ್ನು ನೀವೇ ತೀರ್ಮಾನಿಸಿ. ಮುಂಬಯಿಯಲ್ಲಿ ವಸ್ತುಪ್ರದರ್ಶನಗಳಿಗೆ ಮಳಿಗೆ ಕಟ್ಟುವ ಕೆಲಸದಲ್ಲಿರುವ ನನ್ನ ಬಾವಮೈದ, ಯಾವುದೋ ಮಳಿಗೆಯಲ್ಲಿ ಹಾಸಿ ಬಿಚ್ಚಿದ ಪ್ಲಾಸ್ಟಿಕ್ ಹುಲ್ಲಿನ ಸುರುಳಿಯೊಂದನ್ನು ಹೊತ್ತು ತಂದು ನಮ್ಮ ಅಂಗಳದಲ್ಲಿ ಬಿಡಿಸಿದ್ದ. ನೀರು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹಸಿರು. ಕುಡಿಯುವ ನೀರಿಗೇ ಬೋರಿನ ಮುಂದೆ ಬಿಂದಿಗೆ ಸಾಲು ಹಚ್ಚುವ ನಮ್ಮ ಬೀದಿಗೆ ಇದಕ್ಕಿಂತ ಜರೂರಾದ ವಸ್ತು ಇನ್ನಾವುದಿದ್ದೀತು? ಅಂಚೆಯವರು ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಡುತ್ತಿದ್ದರು. ಎದುರುಮನೆಯ ನಿವೃತ್ತ ಶಾನುಭೋಗರು ಮಾತ್ರ ದಿನಾ ಬೆಳಗ್ಗೆ, "ಏನ್ ಮೇಷ್ಟ್ರೇ, ಕುಯ್ಲು ಯಾವಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು.

ಆ ಭಾನುವಾರ ಅಂಥ ಹುಲ್ಲಿನ ಮೇಲೆ ಕುರ್ಚಿ ಮೇಜು ಹಾಕಿಕೊಂಡು, ನಾಲ್ಕು ಜನ ನೋಡಲಿ ಎಂದೇ ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಇಸ್ತ್ರಿಪೆಟ್ಟಿಗೆಯಿಂದ ಒಂದು ಕೆಂಡ ಉರುಳಿತು. ಬಿ.ಎಸ್ಸಿ. ಓದಿದವನು ನಾನು, ಪ್ಲಾಸ್ಟಿಕ್ಕಿಗೆ ಕೆಂಡ ತಾಗಿದರೆ ಏನಾಗುತ್ತದೆಂದು ಮಕ್ಕಳಿಗೆ ಪಾಠ ಹೇಳಬಲ್ಲೆ. ಹೇಳುವಷ್ಟರಲ್ಲಿ ಜೋಳದ ರೊಟ್ಟಿಯಗಲದ ತೂತು ಬಿದ್ದಿತ್ತು. ನನ್ನ ಹೆಂಡತಿ ಸರೋಜ ಅದರ ಮೇಲೆ ಒಂದು ಬುಟ್ಟಿ ಕವಿಚಿ, "ದೀಪಾವಳಿಗೆ ನನ್ ತಮ್ಮ ಬರೋದರೊಳಗೆ ಇದು ಸರಿಯಾಗ್ಬೇಕು," ಎಂದಷ್ಟೇ ಹೇಳಿದಳು. ಅವಳು ಕಡಿಮೆ ಮಾತಾಡಿದಾಗಲೇ ನನಗೆ ಹೆಚ್ಚು ಭಯ.

ಸೈಕಲ್ ಶಾಪಿನ ಬಾಷಾ ಸಾಬರನ್ನು ಕರೆತಂದೆ. ಅವರು ಮಂಡಿಯೂರಿ ಕುಳಿತು, ತೂತಿನೊಳಗೆ ಬೆರಳಾಡಿಸಿ, "ಟ್ಯೂಬಿನ ತುಂಡು ಹಾಕಿ ಸಲೂಷನ್ ಹಚ್ಚಬಹುದು ಮೇಷ್ಟ್ರೇ. ಗಾಳಿ ಹೋಗಲ್ಲ, ಅದಕ್ಕೆ ನಂದು ಗ್ಯಾರಂಟಿ. ಹುಲ್ಲು ಬೆಳೆಯೋದು ಮಾತ್ರ ನನ್ ಕೈಲಿಲ್ಲ," ಎಂದರು. ಕೊನೆಗೆ ದಾರಿ ತೋರಿಸಿದವರೂ ಅವರೇ. "ಹಿಂದಿನ ಬೀದಿ ತಿಮ್ಮಕ್ಕನ್ನ ಕೇಳ್ರಿ. ಕಂಬಳಿ ನೇಯೋ ಕೈ ಅದು. ಏನ್ ಬೇಕಾದ್ರೂ ಕೂಡಿಸುತ್ತೆ."

ತಿಮ್ಮಕ್ಕ ಐವತ್ತರ ಹೆಂಗಸು. ಹತ್ತು ಹದಿನೈದು ಕುರಿ, ಒಂದು ಮಗ್ಗ, ಕೆಂಚ ಎಂಬ ಒಂದು ಟಗರು ಅವಳ ಸಂಸಾರ. ತಾಯಿ ಸತ್ತ ಕೆಂಚನನ್ನು ಮಡಿಲಲ್ಲಿಟ್ಟುಕೊಂಡು ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಇಡೀ ಹಿಂಡಿನ ಸಂತಾನ ಅವನೊಬ್ಬನ ಮೇಲೆ ನಿಂತಿತ್ತು. ಶನಿವಾರ ಬಂದವಳು ತೂತಿಗೆ ಕಂಬಳಿ ತುಂಡು ಹೊಲಿದು, ಹಸಿರು ಬಣ್ಣದಲ್ಲಿ ಅದ್ದಿದ ಉಣ್ಣೆಯನ್ನು ಎಳೆ ಎಳೆಯಾಗಿ ಅದರಲ್ಲಿ ನೆಟ್ಟಳು. ಕಂಬಳಿಗೆ ಹಾಕುವಂತೆಯೇ ಹುಣಸೆ ಬೀಜದ ಗಂಜಿ ಬಳಿದು ಉಣ್ಣೆಯನ್ನು ಸೆಟೆದು ನಿಲ್ಲಿಸಿದಳು. ಅಸಲಿ ನಕಲಿ ಯಾವುದು, ನಕಲಿಯಲ್ಲಿ ನಕಲಿ ಯಾವುದು, ಒಂದೂ ತಿಳಿಯದಷ್ಟು ಚೆಂದ. ಉಳಿದ ಗಂಜಿಯನ್ನು ಅವಳು ಜೋಪಾನವಾಗಿ ಮನೆಗೆ ಒಯ್ದಾಗಲಾದರೂ ನಾನು ಯಾಕೆಂದು ಕೇಳಬೇಕಿತ್ತು. ಮಗ್ಗದಲ್ಲಿ ಮಿಕ್ಕ ಗಂಜಿಯೆಲ್ಲ ಹುಟ್ಟಿದಾಗಿನಿಂದ ಕೆಂಚನ ಪಾಲಂತೆ.

ಮರುದಿನ ಬೆಳಗ್ಗೆ ಕೆಂಚ ಗಂಜಿಯ ವಾಸನೆ ಹಿಡಿದು ನೇರ ನಮ್ಮ ಅಂಗಳಕ್ಕೆ ಬಂದ. ನಾನು ಎರಡು ಮಾರು ದೂರದಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಈಗ ಹೇಳುವ ಮಾತನ್ನು ತಿಮ್ಮಕ್ಕನಿಗೆ ಹೇಳಿರಲಿಲ್ಲ. ಅವನು ತೇಪೆಗೆ ಬಾಯಿ ಹಾಕಿದ್ದನ್ನು ನಾನು ಕಂಡೆ, ಕಂಡು ಹಿಗ್ಗಿದೆ. "ಸರೋಜಾ, ಬಾ ಇಲ್ಲಿ. ಕುರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ನೋಡು," ಎಂದು ಕರೆದೆ. ಅವಳು ಬಂದು ಬಾಯಿ ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಕೆಂಚ ತೇಪೆ ಮುಗಿಸಿ, ಸುತ್ತಲಿನ ಬೊಂಬಾಯಿ ಹುಲ್ಲನ್ನು ಒಂದು ಗೇಣಿನಷ್ಟು ನುಂಗಿದ್ದ.

ಓಡಿಬಂದ ತಿಮ್ಮಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಉಣ್ಣೆ ಹೋಗ್ಲಿ ಮೇಷ್ಟ್ರೇ. ಈ ಹುಲ್ಲು ಹೊಟ್ಟೇಲಿ ಕರಗ್ತೈತಾ?"

ನನ್ನ ಪದವಿ ಪ್ರಯೋಜನಕ್ಕೆ ಬಂದ ಮೊದಲ ಸಂದರ್ಭ ಅದು. "ಕರಗಲ್ಲ," ಎಂದೆ. ಅವಳು ಕೆಂಚನ ಕೊರಳು ತಬ್ಬಿಕೊಂಡು ಕರೆದೊಯ್ದಳು.

ಸಂಜೆಗೆ ಕೆಂಚ ಮೇವು ಬಿಟ್ಟ, ಮೆಲುಕು ಬಿಟ್ಟ, ಹೊಟ್ಟೆ ಉಬ್ಬಿಸಿಕೊಂಡು ಮಲಗಿದ. ದನದ ಡಾಕ್ಟರು ಊರಲ್ಲಿರಲಿಲ್ಲ, ಕಾಂಪೌಂಡರು ಹರಳೆಣ್ಣೆ ಕುಡಿಸಿ, "ಹಿಕ್ಕೇಲಿ ಹಸಿರು ಕಂಡ್ರೆ ಬದುಕ್ತು ಅನ್ನಿ. ದಿನಾ ನೋಡ್ತಿರಿ," ಎಂದರು. ನೋಡುವವರು ಯಾರು? ತಿಮ್ಮಕ್ಕ ನನ್ನ ಕಡೆ ತಿರುಗಿ, "ನಂಗೆ ಕಣ್ಣು ಮಂಜು. ಮೇಷ್ಟ್ರು ಓದಿದೋರು," ಎಂದಳು. ಹೀಗೆ ಸೋಮವಾರ, ಮಂಗಳವಾರ, ಬುಧವಾರ ಬೆಳಗ್ಗೆ, ಇಸ್ತ್ರಿ ಅಂಗಿ ತೊಟ್ಟ ವಿಜ್ಞಾನದ ಮೇಷ್ಟ್ರು ಕುರಿದೊಡ್ಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಹಿಕ್ಕೆ ಕೆದಕುತ್ತಿದ್ದದ್ದನ್ನು ಬೀದಿ ನೋಡಿತು. "ಕುಯ್ಲು ನಡೀತೈತೆ," ಎಂದರು ಶಾನುಭೋಗರು. ರಾತ್ರಿ ಕಣ್ಣು ಮುಚ್ಚಿದರೆ ಅದೇ ದವಡೆ, ಅದೇ ಕರಕರ ಸದ್ದು, ಪಕ್ಕದಲ್ಲಿ ನನ್ನದೇ ಹಿಗ್ಗಿದ ದನಿ. ಸರೋಜಳಿಗೂ ನಿದ್ದೆಯಿಲ್ಲ, ಅವಳು ಗೋಡೆ ಕಡೆ ತಿರುಗಿ ನಿಟ್ಟುಸಿರು ಬಿಡುವುದು ನನಗೆ ಕೇಳುತ್ತಿತ್ತು.

ಗುರುವಾರ ಬೆಳಗ್ಗೆ ಕಡ್ಡಿಯ ತುದಿಗೆ ಹಸಿರು ಸಿಕ್ಕಿತು. ಒಂದೆರಡು ಎಳೆಯಲ್ಲ, ಹಿಡಿಯಷ್ಟು, ಮಾಸದೆ ಮಸುಕಾಗದೆ. ಬಾವಮೈದ ಹೇಳಿದ್ದು ನಿಜ. ಅದರ ಬಣ್ಣ ಎಲ್ಲಿ ಹೋಗಿ ಬಂದರೂ ಹೋಗುವುದಿಲ್ಲ. ಅಷ್ಟರಲ್ಲಿ ಕೆಂಚ ಎದ್ದು ನಿಂತು ನಿಧಾನಕ್ಕೆ ದವಡೆ ಆಡಿಸತೊಡಗಿದ್ದ. "ಮೆಲುಕು ಹಾಕ್ತಾ ಐತೆ," ಎಂದು ತಿಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಇನ್ನು ತಡೆಯಲಾರದೆ, "ತಿಮ್ಮಕ್ಕ, ನಿನಗೊಂದು ವಿಷಯ ಹೇಳಬೇಕು," ಎಂದು ಶುರುಮಾಡಿದೆ.

"ನೋಡ್ತಾ ಕುಂತಿದ್ರಿ, ಅದೇ ತಾನೇ?" ಎಂದಳು. "ಸರೋಜಮ್ಮೋರು ಅವತ್ತೇ ಹೇಳಿದ್ರು. ಸೂಜಿಗೆ ದಾರ ಪೋಣಿಸೋ ನಂಗೆ ಹಿಕ್ಕೆ ಕಾಣಲ್ವಾ ಮೇಷ್ಟ್ರೇ?"

ಆ ಗುರುವಾರ ರಾತ್ರಿ ನಮ್ಮ ಮನೆಯಲ್ಲಿ ಇಬ್ಬರೂ ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದೆವು. ತೂತಿನ ಮೇಲೆ ಈಗ ಮತ್ತೆ ಅದೇ ಬುಟ್ಟಿ ಕವಿಚಿದ್ದೇವೆ.