ಮೂರನೇ ಸಲ ಕೇಳುವ ತನಕ

ನನಗೆ ಬೇಕಾದದ್ದು ನನ್ನ ಬಾಯಿಂದಲೇ ಕೈತಪ್ಪುವುದು ಈ ವಯಸ್ಸಿನಲ್ಲೂ ನಿಂತಿಲ್ಲ. ನಗುವವರು ನಗಲಿ, ನನಗಂತೂ ಸಿಟ್ಟೇ ಬರುತ್ತದೆ. ಸುರಪುರದ ಹತ್ತಿರ ನಾನು ಬೆಳೆದ ಪಂಥದಲ್ಲಿ "ಬೇಕು" ಅನ್ನುವುದು ಪಾಪ. ಯಾರು ಏನು ಕೊಡಲು ಬಂದರೂ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಕೇಳಿದರೆ ಮಾತ್ರ ಒಪ್ಪಬೇಕು. ಗಂಡಸರಿಗೆ ಈ ನೇಮ ಅಷ್ಟು ಬಿಗಿಯಿರಲಿಲ್ಲ. ಅವರು ಮೊದಲ ಸಲಕ್ಕೇ ತಾಟು ಮುಂದೆ ಚಾಚುತ್ತಿದ್ದರು.

ಹೋಳಿಗೆ

ನಾನಾಗ ಸಣ್ಣ ಹುಡುಗಿ. ಪಕ್ಕದ ಮನೆಯಾಕೆ ಹೋಳಿಗೆ ಹಿಡಿದು ಬಂದಳು. ಆಕೆ ನಮ್ಮ ಪಂಥದವಳಲ್ಲ.

"ತಗೋಳವ್ವ."

"ಬ್ಯಾಡ್ರಿ."

"ಬಿಸಿ ಅದ, ತಗೋ."

"ಬ್ಯಾಡ್ರಿ."

ಬಾಯಲ್ಲಿ ನೀರು ತುಂಬಿಕೊಂಡು ಮೂರನೆಯದಕ್ಕೆ ಕಾದೆ. "ಹೊಟ್ಟಿ ತುಂಬಿರಬೇಕು ಬಿಡು" ಎಂದು ಆಕೆ ಅದನ್ನು ಅಂಗಳದ ಆಕಳಿಗೆ ಹಾಕಿದಳು. ಆಕಳು ಒಂದು ಸಲವೂ ಬೇಡ ಅನ್ನಲಿಲ್ಲ.

ನೌಕರಿ

ನಿಜಾಮರ ಆಳಿಕೆ ಹೋಗಿ ಕನ್ನಡ ಶಾಲೆಗಳು ತೆರೆಯುತ್ತಿದ್ದ ಹೊಸತು. ಶಹಾಪುರದಲ್ಲಿ ಹುಡುಗಿಯರಿಗೆ ಕಲಿಸಲು ಹೆಣ್ಣುಮಕ್ಕಳು ಬೇಕಾಗಿದ್ದರು. ಆ ನೌಕರಿಗಾಗಿ ಅಪ್ಪನ ಕೂಡ ಆರು ತಿಂಗಳು ಜಗಳಾಡಿದ್ದೆ. ಕಚೇರಿಯಲ್ಲಿ ಆರಿಸಲು ಹೊರಗಿನಿಂದ ಬಂದ ಸಾಹೇಬರು ಕೇಳಿದರು, "ನೌಕರಿ ಬೇಕೇನಮ್ಮ?"

ಬಾಯಿ ತಾನೇ "ಬ್ಯಾಡ್ರಿ" ಅಂದಿತು.

"ನಿಜವಾಗ್ಲೂ ಬೇಡವಾ?"

"ಬ್ಯಾಡ್ರಿ."

ಅವರು ನನ್ನ ಹೆಸರಿಗೆ ಗೆರೆ ಎಳೆಯಲು ಪೆನ್ನು ತೆಗೆದರು. ನನ್ನ ಕಣ್ಣಲ್ಲಿ ನೀರು. ನನ್ನ ನಾಲಿಗೆಯನ್ನು ನನಗೇ ವೈರಿಯಾಗಿ ಬೆಳೆಸಿದವರ ಮೇಲೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಬಾಗಿಲಲ್ಲಿದ್ದ ಚಪರಾಸಿ ನಮ್ಮ ಕಡೆಯವನು. "ಸಾಹೇಬ್ರ, ಇನ್ನೊಮ್ಮಿ ಕೇಳ್ರಿ. ಇವರು ಮೂರಕ್ಕ ಹೂಂ ಅನ್ನೋ ಮಂದಿ ಅದಾರ."

ಕೇಳಿದರು. "ಬೇಕ್ರಿ" ಎಂದು ನಾನು ಚೀರಿದ್ದಕ್ಕೆ ಪೆನ್ನು ಅವರ ಕೈಜಾರಿತು.

ಅಜ್ಜಾರು

ನಾನು ಶಾಲೆಗೆ ಹೋಗತೊಡಗಿದ ಸುದ್ದಿ ತಿಳಿದು ಪಂಥದ ಗುರುಗಳಾದ ಅಜ್ಜಾರು ಮನೆಗೇ ಬಂದರು. ಅಪ್ಪ ಕೈಮುಗಿದು ನಿಂತ.

"ಹೆಣ್ಮಕ್ಕಳಿಗೆ ಇದೆಲ್ಲ ಯಾಕ? ನೌಕರಿ ಬಿಡ್ತಿಯೇನವ್ವ?"

"ಇಲ್ರಿ ಅಜ್ಜಾರ."

ಅಜ್ಜಾರು ನಕ್ಕರು. "ಬಿಡ್ತಿಯೇನು?"

"ಇಲ್ರಿ."

ಮಗಳನ್ನು ಚೆನ್ನಾಗಿ ಬೆಳೆಸಿದ್ದೀಯ ಅನ್ನುವ ಹಾಗೆ ಅಪ್ಪನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಆರಾಮಾಗಿ ಮೂರನೇ ಸಲ ಕೇಳಿದರು.

"ಇಲ್ರಿ" ಅಂದೆ.

ಅಜ್ಜಾರು ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಮೂರು ಆತಲ್ಲವ್ವ?"

"ಆತ್ರಿ," ಅಂದೆ. "ನಾಕನೇದಕ್ಕ ಏನನ್ನಬೇಕಂತ ನೀವು ಕಲಿಸೇ ಇಲ್ರಿ."