ಹವಾಮಾನ ಖಾತೆಯ ಅಳಿಯ

ಅಳಿಯನಾದವನಿಗೆ ಮಾವನ ಮನೆಯಲ್ಲಿ ಯಾವುದಾದರೂ ಒಂದು ಖಾತೆ ಇರಲೇಬೇಕು. ಖಾತೆಯಿಲ್ಲದ ಅಳಿಯನಿಗೆ ಮೊದಲ ವರ್ಷ ಹೋಳಿಗೆ ಸಿಗುತ್ತದೆ, ಎರಡನೆಯ ವರ್ಷ ಚಹಾ ಸಿಗುತ್ತದೆ, ಮೂರನೆಯ ವರ್ಷದಿಂದ ಬರೀ 'ಯಾವಾಗ ಬಂದ್ರಿ' ಎಂಬ ಪ್ರಶ್ನೆ. ನನ್ನ ಷಡ್ಡಕರಿಬ್ಬರೂ ಈ ವಿಷಯದಲ್ಲಿ ಜಾಣರು. ದೊಡ್ಡವರು ಬಾವಿಯ ಪಂಪನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಲ್ಲರು. ಜೋಡಿಸಿದ ಮೇಲೆ ಕೈಯಲ್ಲಿ ಒಂದೆರಡು ನಟ್ಟು ಉಳಿದರೂ ಪಂಪು ಹೇಗೋ ನೀರೆತ್ತುತ್ತದೆ, ಆದ್ದರಿಂದ ಅವರ ಖಾತೆ ಭದ್ರ. ಸಣ್ಣವರಿಗೆ ಮೂರು ತಾಲೂಕಿನ ಮದುವೆ ವಯಸ್ಸಿನ ಹುಡುಗ ಹುಡುಗಿಯರ ವಿವರ ಬಾಯಿಪಾಠ. ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಪಂಪು ನೋಡಿದರೆ ನನಗೆ ಭಯ, ಕನ್ಯೆ ತೋರಿಸುವುದೆಂದರೆ ಸಂಕೋಚ. ಭೂಗೋಳದವನಿಗೆ ಭೂಮಿಯ ಮೇಲಿನದೂ ತಿಳಿದಿರಬಹುದು ಎಂದು ಲೆಕ್ಕ ಹಾಕಿ ಮಾವನವರು ನನಗೆ ಹವಾಮಾನ ಖಾತೆ ಕೊಟ್ಟರು. ಹದಿನಾಲ್ಕು ವರ್ಷ ಅದನ್ನು ನಿಭಾಯಿಸಿದ್ದೆ. ಈ ಸಲದ ಸುಗ್ಗಿಯಲ್ಲಿ ಅದು ಹೋಗುವುದರಲ್ಲಿತ್ತು.

ಮಾವನವರ ಊರು ಖಾನಾಪುರ ದಾಟಿ ಜಾಂಬೋಟಿ ಕಡೆಗೆ ಹೋಗುವ ರಸ್ತೆಯಲ್ಲಿದೆ. ಅಲ್ಲಿ ಭತ್ತದ ಕೊಯ್ಲು ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ಎಲ್ಲರೂ ನಿಮ್ಮ ಗದ್ದೆಗೆ ಬರುತ್ತಾರೆ, ನಾಳೆ ನೀವೂ ಸೇರಿ ಎಲ್ಲರೂ ಬಾಜೂದವರ ಗದ್ದೆಗೆ ಹೋಗಬೇಕು. ಯಾರ ಪಾಳಿ ಯಾವಾಗ ಎಂಬುದು ದೀಪಾವಳಿಗೆ ಮೊದಲೇ ಗೊತ್ತಾಗಿರುತ್ತದೆ. ಇವತ್ತು ಬೇಡ ಅಂದವನು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಅದರಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಕೊಯ್ದ ಭತ್ತ ಮೂರು ದಿನ ಗದ್ದೆಯಲ್ಲೇ ಬಿಸಿಲಿಗೆ ಮಲಗಿರಬೇಕು. ಆ ಮೂರು ದಿನದಲ್ಲಿ ಮಳೆ ಬಿತ್ತೋ, ಕಾಳು ಮೊಳಕೆಯೊಡೆಯುತ್ತದೆ, ಹುಲ್ಲು ಕರಿದಾಗಿ ಎಮ್ಮೆ ಕೂಡ ಮೂಸುವುದಿಲ್ಲ. ಹೀಗಾಗಿ ತಮ್ಮ ಪಾಳಿಗೆ ಎರಡು ದಿನ ಮೊದಲು ಸಂಜೆ ಮಾವನವರು ಫೋನು ಮಾಡಿ 'ಅಳ್ಯಾರ, ಮಳಿ ಹೆಂಗೈತ್ರಿ' ಎಂದು ಕೇಳುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದೆ. ವರ್ಷಕ್ಕೊಮ್ಮೆ ಬರುವ ಆ ಒಂದು ನಿಮಿಷದಲ್ಲಿ ನಾನು ಆ ಮನೆಗೆ ಬೇಕಾದವನಾಗಿರುತ್ತಿದ್ದೆ.

ಈಗ ನನ್ನ ಗುಟ್ಟೊಂದನ್ನು ಹೇಳಬೇಕು. ಹೋದ ವರ್ಷ ಒಂಬತ್ತನೆಯ ತರಗತಿಗೆ ಶೀತವಲಯದ ಕರಾವಳಿಯ ಪಾಠ ಮಾಡಬೇಕಾಗಿತ್ತು. ಉದಾಹರಣೆಗೆ ಒಂದು ಊರು ಬೇಕಲ್ಲ ಎಂದು ಕಣ್ಣು ಮುಚ್ಚಿ ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟೆ. ಬೆರಳು ಹೋಗಿ ಕೂತದ್ದು ನಕಾಶೆಯ ತಲೆಯ ಹತ್ತಿರ, ಬಡಗಣ ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಮೇಲೆ. ಹೆಸರಿನ ಎರಡು ಅಕ್ಷರಗಳ ತಲೆಯ ಮೇಲೆ ಚುಕ್ಕೆಗಳಿದ್ದವು, ಅದನ್ನು ಉಚ್ಚರಿಸುವುದು ನನಗೆ ಇವತ್ತಿಗೂ ಬರುವುದಿಲ್ಲ. ಮೊಬೈಲಿನ ಹವಾಮಾನದ ಪಟ್ಟಿಗೆ ಆ ಊರನ್ನು ಸೇರಿಸಿ ಮಾರನೆಯ ದಿನ ಮಕ್ಕಳಿಗೆ ತೋರಿಸಿದೆ. ಮಕ್ಕಳು ಗಂಟೆ ಹೊಡೆಯುವುದರೊಳಗೆ ಅದನ್ನು ಮರೆತರು. ನಾನು ಮರೆಯಲಿಲ್ಲ. ಪಟ್ಟಿಯಲ್ಲಿ ಆ ಊರು ಮೇಲೆ ಕೂತಿತು, ನಮ್ಮ ಬೆಳಗಾವಿ ಅದರ ಕೆಳಗೆ.

ಕಾರ್ತಿಕ ಮಾಸ ಹುಟ್ಟಿದಾಗ ಆ ಊರಿನಲ್ಲಿ ಶರತ್ಕಾಲ ಮುಗಿಯುತ್ತ ಬಂದಿರುತ್ತದೆ. ನಾಲ್ಕು ಡಿಗ್ರಿ, ಜಿನುಗು ಮಳೆ, ಸಮುದ್ರದಿಂದ ಗಾಳಿ. ಸೂರ್ಯ ಒಂಬತ್ತಕ್ಕೆ ಎದ್ದು ನಾಲ್ಕಕ್ಕೆಲ್ಲ ಮಲಗುತ್ತಾನೆ. ಸೂರ್ಯನ ಬದಲು ಅಲ್ಲಿ ನಮ್ಮ ಹೆಡ್‌ಮಾಸ್ತರರು ಇದ್ದಿದ್ದರೆ ಎಷ್ಟು ಸುಖವಾಗಿರುತ್ತಿದ್ದರು ಎಂದು ಅನ್ನಿಸುತ್ತದೆ. ಬೆಳಿಗ್ಗೆ ಇದನ್ನೆಲ್ಲ ಓದಿಕೊಂಡು ನಾನು ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನ ಕಡೆ ತಿರುಗಾಡಲು ಹೋಗುತ್ತೇನೆ. ಆ ದಿನಗಳಲ್ಲಿ ಕ್ಯಾಂಪಿನ ರಸ್ತೆಯಲ್ಲಿ ಮಂಜು ಇಳಿದಿರುತ್ತದೆ. ಹಳೆಯ ಬಂಗಲೆಗಳ ಹಂಚು ಒದ್ದೆಯಾಗಿರುತ್ತದೆ, ಚರ್ಚಿನ ಗೋಪುರ ಅರ್ಧಕ್ಕೇ ನಿಂತಿರುತ್ತದೆ, ರಸ್ತೆಯ ತುದಿ ಕಾಣುವುದೇ ಇಲ್ಲ. ಕಾಣದ ಆ ತುದಿಯಲ್ಲಿ ಸಮುದ್ರವಿದೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ದೋಣಿಗಳನ್ನು ಕಟ್ಟಿಹಾಕಿದ್ದಾರೆ, ದೀಪ ಇನ್ನೂ ಉರಿಯುತ್ತಿದೆ, ಉದ್ದ ಕೋಟಿನ ಒಬ್ಬ ಮುದುಕ ಕಂದು ನಾಯಿಯೊಂದನ್ನು ಕರೆದುಕೊಂಡು ದಂಡೆಯುದ್ದಕ್ಕೂ ನಡೆಯುತ್ತಿದ್ದಾನೆ. ಆ ಮುದುಕನನ್ನು ಯಾವ ಪಟ್ಟಿಯೂ ತೋರಿಸಿರಲಿಲ್ಲ. ಅವನು ತಾನಾಗಿಯೇ ಬಂದ, ಬಂದವನು ದಿನಾ ಬರತೊಡಗಿದ. ಅಲ್ಲಿ ಗಾಳಿ ಜೋರಾದ ದಿನ ನನಗೆ ಇಲ್ಲಿ ಅವನದೇ ಚಿಂತೆ. ಒಮ್ಮೆ ನೆತ್ತಿ ಸುಡುವ ಬಿಸಿಲಿನಲ್ಲಿ ಕೊಡೆ ಹಿಡಿದು ಸಾಲೆಗೆ ಹೋಗಿ ಎಲ್ಲರಿಂದಲೂ ನಗಿಸಿಕೊಂಡಿದ್ದೂ ಉಂಟು. ನನ್ನ ಹೆಂಡತಿ ಸುನಂದಾ ಮೊದಲು ನಕ್ಕಳು, ಆಮೇಲೆ ಆ ಊರಿಗೆ ಸವತಿ ಎಂದು ಹೆಸರಿಟ್ಟಳು. ಚಹಾ ಕೊಡುವಾಗ 'ಸವತಿ ಊರಾಗ ಇವತ್ತೇನ ಸುದ್ದಿ' ಎಂದು ಕೇಳುವಳು. ಅದು ತಮಾಷೆಯೇ ಎಂದು ತಿಳಿದಿದ್ದೆ.

ಈ ಸಲ ಮಾವನವರ ಫೋನು ಬಂದಾಗ ನಾನು ಸಾಲೆಯಿಂದ ಬಂದು ಬಾಲ್ಕನಿಯಲ್ಲಿ ಕೂತು ಆ ಊರಿನ ಮುಂದಿನ ನಾಲ್ಕು ದಿನಗಳಲ್ಲಿ ಮುಳುಗಿದ್ದೆ. ಅಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಟ್ಟಿದ್ದರು. ನಾಡಿದ್ದು ತಮ್ಮ ಪಾಳಿ ಎಂದು ಹೇಳಿ ಮಾವನವರು ಎಂದಿನ ಪ್ರಶ್ನೆ ಕೇಳಿದರು. ನನ್ನ ಕಣ್ಣು ಆಗಷ್ಟೇ ಪರದೆಯ ಮೇಲೆ ಓದಿದ್ದನ್ನೇ ಬಾಯಿ ಒಪ್ಪಿಸಿತು.

"ನಾಕ ದಿನಾ ಬಿಡಂಗಿಲ್ರಿ ಮಾವಾರ. ಸಮುದ್ರದಾಗ ದೊಡ್ಡ ತೆರಿ ಏಳತಾವಂತ. ಮೀನ ಹಿಡಿಯೋರು ದಂಡಿ ಬಿಟ್ಟು ಹೋಗಬಾರದಂತ."

ಖಾನಾಪುರದ ಭತ್ತದ ರೈತನಿಗೆ ಮೀನುಗಾರರ ಎಚ್ಚರಿಕೆ ಹೇಳಿದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಬೇರೆ ಯಾವ ಊರಿನ ಮಾವನಾದರೂ ಅಲ್ಲಿಗೇ ನಕ್ಕು, ಅಳಿಯನ ತಲೆ ನೆಟ್ಟಗಿಲ್ಲವೆಂದು ತಿಳಿದು, ತನ್ನ ಭತ್ತ ಕೊಯ್ದುಕೊಳ್ಳುತ್ತಿದ್ದ. ನನ್ನ ದುರ್ದೈವಕ್ಕೆ ಆ ಕಡೆಯವರ ಮಳೆಯೆಲ್ಲ ಬರುವುದೇ ಸಮುದ್ರದಿಂದ. ಕಣಕುಂಬಿ ದಾಟಿದರೆ ಘಟ್ಟ, ಘಟ್ಟ ಇಳಿದರೆ ಗೋವೆ, ಅದರಾಚೆ ಸಮುದ್ರ. ಅಲ್ಲಿ ತೆರೆ ಎದ್ದರೆ ಇಲ್ಲಿ ಅಂಗಳದ ಕಟ್ಟಿಗೆ ಒಳಗೆ ಸಾಗಿಸುವ ಜನ ಅವರು. ಬರೀ ಮಳೆ ಎಂದಿದ್ದರೆ ಮಾವನವರು ಅನುಮಾನ ಪಡುತ್ತಿದ್ದರೋ ಏನೋ, ಮೀನುಗಾರರು ಬಂದದ್ದರಿಂದ ಅವರಿಗೆ ಪೂರ್ತಿ ನಂಬಿಕೆ ಬಂದಿತು. ಸಮುದ್ರವೇ ಎದ್ದ ಮೇಲೆ ಕಣಕುಂಬಿ ದಾಟಲು ಎಷ್ಟು ಹೊತ್ತು ಎಂದರು, ನಾನು ವೇಳೆಗೆ ಹೇಳಿದ್ದು ಒಳ್ಳೆಯದಾಯಿತು ಎಂದರು. ತಮ್ಮ ಪಾಳಿಯನ್ನು ಬಾಜೂ ಗದ್ದೆಯ ಪರಶುರಾಮನಿಗೆ ಬಿಟ್ಟುಕೊಟ್ಟು ತಾವು ಸಾಲಿನ ಕೊನೆಗೆ ಹೋದರು. ಅವರ ಮಗ, ಅಂದರೆ ಸುನಂದಾಳ ತಮ್ಮ ಬಸವರಾಜ, ತನ್ನ ಮೊಬೈಲಿನಲ್ಲಿ ಬರೀ ಸೂರ್ಯನ ಚಿತ್ರ ತೋರಿಸಿದನಂತೆ. ನಿನಗೆ ಮೊಬೈಲು ಹೇಳುತ್ತದೆ, ನನಗೆ ಕಲಿಸುವವರೇ ಹೇಳಿದ್ದಾರೆ ಎಂದು ಮಾವನವರು ಅವನ ಬಾಯಿ ಮುಚ್ಚಿಸಿದರಂತೆ.

ಮುಂದಿನ ನಾಲ್ಕು ದಿನ ಎಂಥ ಬಿಸಿಲು ಬಿತ್ತೆಂದರೆ ಸುನಂದಾ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಒಣಗಿಸಿದಳು. ಕೌದಿ ಮಗುಚಲು ನಾನೂ ಕೈ ಹಚ್ಚಿದೆ, ಏನು ಚೆಂದದ ಬಿಸಿಲು ಎಂದೂ ಅಂದೆ. ಐದನೆಯ ದಿನ ಬಸವರಾಜ ಅಕ್ಕನಿಗೆ ಫೋನು ಮಾಡಿದ. ಪರಶುರಾಮನ ಭತ್ತ ಒಣಗಿ ಬಣವೆ ಏರಿದೆ, ನಮ್ಮ ಮುಂದೆ ಇನ್ನೂ ಒಂಬತ್ತು ಮನೆಯ ಪಾಳಿಯಿದೆ, ನಮ್ಮ ಭತ್ತ ಬಲಿತು ಗಾಳಿ ಬೀಸಿದರೆ ಕಾಳು ಉದುರುತ್ತಿದೆ ಎಂದ. ಸುನಂದಾ ನನ್ನ ಕೈಯಿಂದ ಮೊಬೈಲು ಇಸಿದುಕೊಂಡು ಪಟ್ಟಿ ತೆರೆದಳು. ಮೇಲಿನದನ್ನು ನೋಡಿದಳು, ಕೆಳಗಿನದನ್ನು ನೋಡಿದಳು.

"ನಮ್ಮಪ್ಪನ ಭತ್ತದ ಮ್ಯಾಲ ಯಾವ ಊರಿನ ಮಳಿ ಸುರದ್ರಿ?" ಎಂದಳು.

ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಏನಾದರೂ ಹೇಳಲು ಅನುಕೂಲವಾಗುತ್ತಿತ್ತು. ಸವತಿಯನ್ನು ಪಟ್ಟಿಯಿಂದ ಅಳಿಸಿ, ದೇವರ ಜಗುಲಿಯ ಮೇಲಿನ ವಿಭೂತಿಗಟ್ಟಿಯ ಮೇಲೆ ನನ್ನ ಕೈಯಿಡಿಸಿ, ಇನ್ನು ಆ ಊರು ಈ ಮೊಬೈಲಿನಲ್ಲಿ ಕಾಲಿಡಬಾರದು ಎಂದು ಆಣೆ ಮಾಡಿಸಿದಳು. ಮಾಡಿದೆ. ಅಳಿಸಿದ ಜಾಗದಲ್ಲಿ ಬೆಳಗಾವಿ ಮೇಲೇರಿ ಕೂತು ಇಪ್ಪತ್ತೆಂಟು ಡಿಗ್ರಿ ತೋರಿಸಿತು. ಖರೇ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ನನಗೆ ಆ ಮುದುಕ ಇನ್ನು ಎಲ್ಲಿಗೆ ಹೋಗಬೇಕು ಎಂದೇ ಅನ್ನಿಸಿತು.

ಶನಿವಾರ ಸಾಲೆ ಬಿಟ್ಟ ಕೂಡಲೇ ಇಬ್ಬರೂ ಬಸ್ಸು ಹಿಡಿದು ಹೋದೆವು. ಪಾಳಿ ಬರುವ ತನಕ ಕಾದರೆ ಗದ್ದೆಯಲ್ಲಿ ಹುಲ್ಲೊಂದೇ ಉಳಿಯುವುದರಿಂದ ಮನೆಯವರೇ ಕೊಯ್ಯಲು ಇಳಿದಿದ್ದರು. ಪರಶುರಾಮ ಮತ್ತು ಅವನ ಹೆಂಡತಿ ಬೇರೆಯವರ ಗದ್ದೆಯಲ್ಲಿ ದಿನದ ಮುಯ್ಯಿ ತೀರಿಸಿ ಸಂಜೆಯ ಹೊತ್ತಿಗೆ ಇಲ್ಲಿಗೂ ಬರುತ್ತಿದ್ದರು. ನಿಮ್ಮ ಬಿಸಿಲು ನನಗೆ ಬಂತಲ್ಲ ಎಂಬ ಮುಜುಗರ ಅವನಿಗೆ. ನಾನೂ ಒಂದು ಕುಡಗೋಲು ಹಿಡಿದೆ. ಅರ್ಧ ತಾಸಿನಲ್ಲಿ ಅಂಗೈಯಲ್ಲಿ ಎರಡು ಗುಳ್ಳೆ ಎದ್ದವು. ಮೊದಲೇ ಕೊಯ್ದು ಒಣಗಿದ್ದನ್ನು ಹೊರೆಗಟ್ಟಲು ಹೋದರೆ ನಾನು ಕಟ್ಟಿದ ಸಿವುಡು ಎತ್ತಿದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು, ಬಸವರಾಜನ ಹೆಂಡತಿ ಮಾತಾಡದೆ ಹಿಂದಿನಿಂದ ಬಂದು ಅದನ್ನು ಮತ್ತೆ ಕಟ್ಟುತ್ತಿದ್ದಳು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅಳಿಯನಿಗೆ ಯಾರು ತಾನೇ ಅಂದಾರು. ಕಡೆಗೆ ನಾನೇ ಸೋತು ಬದುವಿನ ಮೇಲೆ ಮಾವನವರ ಬಾಜೂ ಹೋಗಿ ಕೂತೆ. ಸೂರ್ಯ ಕಣಕುಂಬಿಯ ಕಡೆ ಇಳಿಯುತ್ತಿದ್ದ. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಮಾವನವರು ಹಣೆಗೆ ಕೈ ಅಡ್ಡಹಿಡಿದು ಬಹಳ ಹೊತ್ತು ಆ ಕಡೆಗೇ ನೋಡಿದರು.

"ಮಾಡ ಆಗೈತಲ್ರಿ ಅಳ್ಯಾರ?" ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಇಲ್ಲ, ಸ್ವಚ್ಛ ಇದೆ ಎಂದೆ. ಅವರು ಕೈ ಕೆಳಗಿಳಿಸಿ, ಹಾಗಾದರೆ ತಮ್ಮ ಕಣ್ಣೇ ಇರಬೇಕು, ಬೇಸಿಗೆಯಿಂದ ಎಲ್ಲವೂ ಮಸುಕು, ದಿನಾ ಮೋಡ ಕವಿದಂತೆಯೇ ಕಾಣುತ್ತದೆ ಎಂದರು. ಸುಗ್ಗಿ ಮುಗಿಯುವ ತನಕ ಯಾರಿಗೂ ಹೇಳಬಾರದು ಅಂದುಕೊಂಡಿದ್ದರಂತೆ. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ನಕಾಶೆ, ಬೆರಳು, ಚುಕ್ಕೆ ಇಟ್ಟ ಅಕ್ಷರ, ಬಡಗಣ ಸಮುದ್ರ, ಒಂದನ್ನೂ ಬಿಡಲಿಲ್ಲ. ಮುದುಕ ಮತ್ತು ನಾಯಿಯನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂದಂತಾಯಿತು. ಮಾವನವರು ಒಂದು ತೆನೆ ಹಿಡಿದು ಅಂಗೈಯಲ್ಲಿ ಕಾಳು ಉದುರಿಸಿಕೊಳ್ಳುತ್ತ ಕೂತಿದ್ದರು.

"ಇಷ್ಟ ವರ್ಷ ನಾ ಆಕಾಶ ನೋಡಿನ ಕೊಯ್ಯತಿದ್ನಿರಿ," ಎಂದರು. "ನಿಮಗ ಕೇಳತಿದ್ದದ್ದು ನಿಮ್ಮ ಕೂಡ ಮಾತಾಡಬೇಕಂತ. ನೀವು ಕಲತ ಮನಿಶ್ಯಾ, ಮತ್ತೇನ ಕೇಳಬೇಕು ನನಗ ತಿಳೀತಿರಲಿಲ್ಲ. ಈ ವರ್ಷ ಒಂದ ಖರೇನ ಕೇಳಿದ್ನಿ."

ನಾನು ಅಂಗೈಯ ಗುಳ್ಳೆ ನೋಡಿಕೊಂಡೆ. ಹದಿನಾಲ್ಕು ವರ್ಷ ನಾನು ಗಂಟಲು ಸರಿಮಾಡಿಕೊಂಡು ನಡೆಸಿದ ಖಾತೆ ಇಂಥದ್ದು. ಬೇಡದಿದ್ದಾಗಲೆಲ್ಲ ಸರಿಯಾಗಿ ಹೇಳಿದ್ದೆ, ಬೇಕಾದಾಗ ಒಮ್ಮೆ ತಪ್ಪಿ ಹೇಳಿದ್ದೆ. ಮಾವನವರು ಮತ್ತೆ ಆ ವಿಷಯ ಎತ್ತಲಿಲ್ಲ. ಆ ಊರಿನಲ್ಲಿ ಭತ್ತ ಬೆಳೆಯುತ್ತಾರೇನು ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಅಲ್ಲಿ ಎಷ್ಟಾದರೂ ಬೀಳಲಿ ಬಿಡಿ ಎಂದು ಎದ್ದು ಸಿವುಡು ಕಟ್ಟಲು ಹೋದರು. ಕಣ್ಣು ಮಸುಕಾದವರು ಕೈ ಅಂದಾಜಿನಲ್ಲಿ ಕಟ್ಟಿದ ಒಂದು ಸಿವುಡೂ ಬಿಚ್ಚಲಿಲ್ಲ.

ಒಂದೆರಡು ಚೀಲ ಕಾಳು ಗದ್ದೆಯ ಪಾಲಾಯಿತು, ಉಳಿದದ್ದು ಮನೆ ಸೇರಿತು. ಸುಗ್ಗಿ ಮುಗಿದ ಮೇಲೆ ಮಾವನವರನ್ನು ಬೆಳಗಾವಿಗೆ ಕರೆತಂದು ಕಣ್ಣಿನ ಪೊರೆ ತೆಗೆಸಿದೆವು. ಕರಿ ಕನ್ನಡಕ ಹಾಕಿಕೊಂಡು ನಮ್ಮ ಬಾಲ್ಕನಿಯಲ್ಲಿ ಎಂಟು ದಿನ ಕೂತಿದ್ದು ಊರಿಗೆ ಹೋದರು. ಹೋದ ಮರುದಿನ ಸಂಜೆಯೇ ಫೋನು ಬಂದಿತು. ನಾನು ಎದ್ದು ಕೂತು ಬೆಳಗಾವಿ, ಖಾನಾಪುರ ಎರಡನ್ನೂ ಪರದೆಯ ಮೇಲೆ ತೆಗೆದು, ಒಂದಕ್ಕೆರಡು ಸಲ ಹೆಸರು ಓದಿಕೊಂಡು, ನಾಲ್ಕು ದಿನವೂ ಬಿಸಿಲು ಎಂದು ಶುರುಮಾಡಿದೆ. ಅವರು ನಡುವೆಯೇ ತಡೆದರು.

"ಇಲ್ಲಿದು ಈಗ ನನಗ ಕಾಣತೈತ್ರಿ. ಅಲ್ಲಿದು ಹೇಳ್ರಿ."

ಸುನಂದಾ ಎದುರಿಗೇ ಕೂತು ಕಡಲೆ ಆರಿಸುತ್ತಿದ್ದಳು. ಮೊಬೈಲಿನಲ್ಲಿ ಆ ಊರಿಲ್ಲ, ಮತ್ತೆ ತರೋಣವೆಂದರೆ ವಿಭೂತಿಗಟ್ಟಿಯ ಆಣೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿ ಕ್ಯಾಂಪಿನ ಬೆಳಗಿನ ರಸ್ತೆ ನೆನೆಸಿಕೊಂಡು ಹೇಳಿದೆ: ಜಿನುಗು ಮಳೆಯಿದೆ, ಗಾಳಿ ಸ್ವಲ್ಪ ಇಳಿದಿದೆ, ದೀಪ ಆಗಲೇ ಹಚ್ಚಿದ್ದಾರೆ. ಅಂದಿನಿಂದ ದಿನಾ ಸಂಜೆ ಫೋನು ಬರುತ್ತದೆ, ದಿನಾ ಹೇಳುತ್ತೇನೆ. ಗೊತ್ತಿಲ್ಲದೆ ಒಮ್ಮೆ ಸುಳ್ಳು ಹೇಳಿ ಮನೆಯವರೆಲ್ಲರ ಬೆನ್ನು ಬಗ್ಗಿಸಿದವನು ಈಗ ಗೊತ್ತಿದ್ದೂ ದಿನಕ್ಕೊಂದು ಹೇಳುತ್ತೇನೆ, ಹೇಳಿದಷ್ಟಕ್ಕೂ ಹೊಗಳಿಕೆ ಸಿಗುತ್ತದೆ. ನನ್ನ ಖಾತೆ ಈಗ ಪಂಪಿನ ಖಾತೆಗಿಂತ ಭದ್ರವಾಗಿದೆ.

ಮೊನ್ನೆ ನಾನು ಅಲ್ಲಿ ಮೊದಲ ಹಿಮ ಬೀಳಿಸಿದೆ. ಮಾವನವರು, ಮುದುಕ ಇವತ್ತು ಹೊರಗೆ ಬಂದಿದ್ದನೋ ಇಲ್ಲವೋ ಎಂದರು. ಬಂದಿದ್ದ, ನಾಯಿಯೂ ಇತ್ತು ಎಂದೆ. ಫೋನಿಟ್ಟ ಮೇಲೆ ನೋಡಿದರೆ ಸುನಂದಾಳ ಕೈ ಮೊರದ ಮೇಲೆ ಹಾಗೇ ನಿಂತಿತ್ತು. ಇವಳಿಗೆ ಎಲ್ಲ ತಿಳಿಯಿತು, ಇನ್ನು ಎರಡನೆಯ ಆಣೆಗೆ ಸಿದ್ಧನಾಗಬೇಕು ಎಂದುಕೊಂಡೆ. ಅವಳು ಮೊಬೈಲು ಕೇಳಲಿಲ್ಲ.

"ಇಷ್ಟ ಥಂಡ್ಯಾಗ ಆ ನಾಯಿ ಮ್ಯಾಲ ಏನರ ಹೊಚ್ಚತಾನೋ ಇಲ್ಲೋ?" ಎಂದಳು.

ಹೊಚ್ಚುತ್ತಾನೆ, ಹಳೆಯ ಕೌದಿಯ ತುಂಡೊಂದಿದೆ ಎಂದೆ.