ಚನಬಸಪ್ಪನ ಹೊಸ ಮೋಡೆಮ್

ಆಫೀಸಿನ ಕಸ ಗುಡಿಸುವ ಸಿದ್ದಕ್ಕನಿಗೆ ಧೂಳು ಕಂಡರೆ ಆಗುವುದಿಲ್ಲ. ಅದೂ ಆ ದಿನ ಬೆಳಿಗ್ಗೆ ಯಾರೋ ಅವಳಿಗೆ, "ಅಕ್ಕಾ, ಇವತ್ತು ನಮ್ ಕಂಪನಿಗೆ ದುಡ್ಡು ಹಾಕೋರು ಬರ್ತಾರೆ, ಎಲ್ಲಾ ಫಳಫಳ ಅಂತಿರ್ಬೇಕು" ಎಂದು ಬೇರೆ ಹೇಳಿಬಿಟ್ಟಿದ್ದರು. ಅವಳು ಕಿಟಕಿ ಒರೆಸಿದಳು, ಕುರ್ಚಿ ಒರೆಸಿದಳು, ಕೊನೆಗೆ ಟೆಸ್ಟಿಂಗ್ ರೂಮಿಗೆ ನುಗ್ಗಿ, ಮೇಜಿನ ಮೇಲೆ ಮುಚ್ಚಳ ಬಿಚ್ಚಿ ಕರೆಂಟು ಕೊಟ್ಟಿಟ್ಟಿದ್ದ ಮೋಡೆಮ್ಮಿನ ಹೊಟ್ಟೆಯನ್ನೂ ಸೋಪಿನ ನೀರಿನ ಬಟ್ಟೆಯಿಂದ ಒರೆಸಿದಳು.

ಚನಬಸಪ್ಪ ಬಾಗಿಲು ತೆಗೆದಾಗ ಮೋಡೆಮ್ಮಿನಿಂದ ಊದುಬತ್ತಿಯ ಹಾಗೆ ಸಣ್ಣಗೆ ಹೊಗೆ ಏಳುತ್ತಿತ್ತು.

"ಏನ್ ಮಾಡಿದ್ರಿ ಅಕ್ಕಾ?"

"ಒಳೀಕೆ ಶ್ಯಾನೆ ಧೂಳಿತ್ತು ಸಾ, ಅದ್ಕೇ ವರ್ಸ್ದೆ. ಯಾಕ್ ಸಾ ಇಂಗ್ ನೋಡ್ತೀರಾ?"

ಚನಬಸಪ್ಪ ಹತ್ತಿರದ ಕುರ್ಚಿಯಲ್ಲಿ ಕುಸಿದು ಕುಳಿತ. ಕುರ್ಚಿಯೂ ಒದ್ದೆಯಾಗಿತ್ತು.

ಅವನು ಕೆಲಸ ಮಾಡುತ್ತಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ತರಂಗಿಣಿ ನೆಟ್‌ವರ್ಕ್ಸ್ ಎಂಬ ಸಣ್ಣ ಕಂಪನಿಯಲ್ಲಿ. ಟಿ.ವಿ. ಕೇಬಲ್ಲಿನಲ್ಲೇ ಇಂಟರ್‌ನೆಟ್ ತರುವ ಮೋಡೆಮ್ ತಯಾರಿಸುವುದು ಅವರ ಕಸುಬು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಎಲ್ಲೋ ದೂರದ ದೇಶದಲ್ಲಿ ಕುಳಿತ ದೊಡ್ಡವರು, ಮೋಡೆಮ್ ಇನ್ನು ಮುಂದೆ ಹೀಗಿರಬಾರದು, ಹಾಗಿರಬೇಕು ಎಂದು ಹೊಸ ಸ್ಟ್ಯಾಂಡರ್ಡ್ ಹೊರಡಿಸಿದರು. ಗೋದಾಮಿನಲ್ಲಿದ್ದ ಮಾಲೆಲ್ಲ ರಾತ್ರೋರಾತ್ರಿ ಹೋದ ವರ್ಷದ ಕ್ಯಾಲೆಂಡರ್ ಆಯಿತು. ಬಂಡವಾಳ ಹಾಕಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಹಳೇ ಮೋಡೆಮ್ ವಿಭಾಗದಲ್ಲಿ ಅರ್ಧ ಜನಕ್ಕೆ ಮನೆಯ ದಾರಿ ತೋರಿಸಲಾಯಿತು. ಚನಬಸಪ್ಪ ಮಾತ್ರ ಮುಂದಾಲೋಚನೆ ಮಾಡಿ, ಬಾಸ್ ಗುರುರಾಜರ ಕೈಕಾಲು ಹಿಡಿದು, ಹೊಸ ಸ್ಟ್ಯಾಂಡರ್ಡಿನ ವಿಭಾಗಕ್ಕೆ ಹಾರಿಕೊಂಡಿದ್ದ. ತಿಂಗಳುಗಟ್ಟಲೆ ಒದ್ದಾಡಿ ಒಂದೇ ಒಂದು ಮೋಡೆಮ್ಮಿಗೆ ಜೀವ ಬರಿಸಿದ್ದ. ಸಿದ್ದಕ್ಕ ಒರೆಸಿದ್ದು ಅದನ್ನೇ.

ಮಧ್ಯಾಹ್ನ ಊಟ ಮುಗಿಯುತ್ತಲೇ ಹೊಸ ಹೂಡಿಕೆದಾರರು ಬರುವವರಿದ್ದರು. ಅವರು ಒಪ್ಪದಿದ್ದರೆ ಕಂಪನಿಗೆ ಬೀಗ.

"ಬಾಸ್‌ಗೆ ಹೇಳ್ಬಿಡ್ಲಾ?" ಎಂದ ಚನಬಸಪ್ಪ, ಸಾಫ್ಟ್‌ವೇರ್ ವಿಭಾಗದ ಸಿದ್ದಾರ್ಥನಿಗೆ.

"ಹುಚ್ಚಾ ಗುರು? ಅವ್ರಿಗೆ ಬೆಳಿಗ್ಗೆಯಿಂದ ಬಿ.ಪಿ. ಏರಿದೆ. ಹೇರ್ ಡ್ರೈಯರ್ ಹಿಡಿ, ಸರಿಯಾಗುತ್ತೆ."

"ಡ್ರೈಯರ್ ಗೀಯರ್ ಬೇಡ," ಎಂದು ಸೇಲ್ಸ್ ವಿಭಾಗದ ರಕ್ಷಿತಾ ನಡುವೆ ಬಾಯಿ ಹಾಕಿದಳು. "ನನ್ ಫೋನ್ ಬಕೆಟ್‌ಗೆ ಬಿದ್ದಾಗ ಅಕ್ಕಿಯೊಳಗೆ ಹೂತಿಟ್ಟಿದ್ದೆ. ಸೂಪರಾಗಿ ಬಂತು."

ಚನಬಸಪ್ಪ ಇಬ್ಬರ ಮಾತನ್ನೂ ಕೇಳಿದ. ಕ್ಯಾಂಟೀನಿಗೆ ಓಡಿ ಅಕ್ಕಿ ಕೇಳಿದರೆ, ಅಲ್ಲಿನ ದೇವಕ್ಕ, "ಸೋನಾ ಮಸೂರಿನಾ, ದಪ್ಪಕ್ಕಿ ನಡಿಯುತ್ತಾ?" ಎಂದು ಅವನ ಜೀವ ತಿಂದಳು. ಮೋಡೆಮ್ಮು ಅಕ್ಕಿ ಡಬ್ಬದಲ್ಲಿ ಹಣ್ಣಿಗಿಟ್ಟ ಮಾವಿನಕಾಯಿಯಂತೆ ಮಲಗಿತು. ಮೇಲಿನಿಂದ ಸಿದ್ದಾರ್ಥ ಡ್ರೈಯರ್ ಹಿಡಿದ. ಬಿಸಿಗಾಳಿಗೆ ಅಕ್ಕಿ ಕೋಣೆಯ ತುಂಬ ಮದುವೆಮನೆಯ ಅಕ್ಷತೆಯಂತೆ ಹಾರಿತು. ಕೊನೆಗೆ ಸ್ವಿಚ್ ಹಾಕಿದಾಗ ಮೋಡೆಮ್ಮು 'ಟಪ್' ಎಂದು ಒಂದೇ ಮಾತು ಆಡಿ ಪೂರ್ತಿ ಸುಮ್ಮನಾಯಿತು.

ಚನಬಸಪ್ಪ ಸ್ವಿಚ್ಚನ್ನು ಮತ್ತೆರಡು ಸಲ ಒತ್ತಿ ನೋಡಿದ.

"ಒಂದ್ ಕೆಲ್ಸ ಮಾಡು," ಎಂದ ಸಿದ್ದಾರ್ಥ. "ಗೋದಾಮಿನಿಂದ ಹಳೇ ಮೋಡೆಮ್ ತಗೊಂಬಾ. ಅದನ್ನ ಹೊಸ ಡಬ್ಬಿಯೊಳಗೆ ಕೂರಿಸ್ಬಿಡು. ಸ್ಪೀಡ್ ತೋರ್ಸೋ ಸ್ಕ್ರೀನಲ್ಲಿ ನಾನೊಂದು ಸೊನ್ನೆ ಸೇರಿಸ್ತೀನಿ."

"ಹಳೇದರ ದೀಪ ಹಸಿರು ಕಣೋ. ಹೊಸದರದ್ದು ನೀಲಿ."

ರಕ್ಷಿತಾ ಚೀಲದಿಂದ ನೀಲಿ ಪೇಪರ್ ಸುತ್ತಿದ ಚಾಕೊಲೇಟ್ ತೆಗೆದು ಬಾಯಿಗೆ ಹಾಕಿಕೊಂಡು, ಪೇಪರನ್ನು ದೀಪದ ಮೇಲೆ ಅಂಟಿಸಿದಳು.

ಹೂಡಿಕೆದಾರರ ಕಡೆಯಿಂದ ಬಂದವರು ಶ್ಯಾಮಲಾ ಎಂಬ ಐವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಗುರುರಾಜರು ಮೈಯೆಲ್ಲ ನಗುವಾಗಿ ಅವರನ್ನು ಟೆಸ್ಟಿಂಗ್ ರೂಮಿಗೆ ಕರೆತಂದರು. ಶ್ಯಾಮಲಾ ಮೋಡೆಮ್ಮನ್ನು ಸುತ್ತಲೂ ನೋಡಿ, ಅದರ ನೆತ್ತಿಯ ಮೇಲೆ ಅಂಗೈ ಇಟ್ಟರು.

"ಹೊಸ ಸ್ಟ್ಯಾಂಡರ್ಡಿನವು ಸಿಕ್ಕಾಪಟ್ಟೆ ಬಿಸಿಯಾಗ್ತವೆ. ಇದು ತಣ್ಣಗಿದೆಯಲ್ಲ?"

"ಅ... ಅದೇ ನಮ್ಮ ವಿಶೇಷ ಮೇಡಂ," ಎಂದ ಚನಬಸಪ್ಪ.

"ಇದರ ಮೇಲೆ ಅಕ್ಕಿ ಕಾಳಿದೆ."

"ಪೂಜೆ ಮಾಡಿದ್ವಿ ಮೇಡಂ!" ಎಂದಳು ರಕ್ಷಿತಾ.

ಗುರುರಾಜರಿಗೆ ಹುಮ್ಮಸ್ಸು ಉಕ್ಕಿತು. "ಹಳೇ ಮೋಡೆಮ್‌ಗೆ ನಾವು ಎಳ್ಳುನೀರು ಬಿಟ್ಟಾಯ್ತು ಮೇಡಂ. ಈಗ ತರಂಗಿಣಿ ಅಂದ್ರೆ ಬರೀ ಹೊಸದು!"

ಶ್ಯಾಮಲಾ ನಿಟ್ಟುಸಿರು ಬಿಟ್ಟು ಕೈಚೀಲ ಹೆಗಲಿಗೇರಿಸಿದರು. "ಹಾಗಾದ್ರೆ ನಾನು ಬಂದಿದ್ದು ವ್ಯರ್ಥ. ಹೊಸ ಮೋಡೆಮ್ ತೋರ್ಸೋರು ಬೀದಿಗೊಬ್ಬರಿದ್ದಾರೆ. ಸಣ್ಣ ಊರಿನ ಕೇಬಲ್‌ನವ್ರು ಕಂಬದಿಂದ ಕಂಬಕ್ಕೆ ಎಳೆದ ವೈರೆಲ್ಲಾ ಕಿತ್ತು ಹೊಸದಕ್ಕೆ ಹೋಗೋಕಾಗಲ್ಲ. ಅವರಿಗೆ ಇನ್ನೂ ಎಷ್ಟೋ ವರ್ಷ ಹಳೇದೇ ಬೇಕು, ಮಾಡಿಕೊಡೋರೇ ಇಲ್ಲ. ನೀವು ಮಾಡ್ತಿದ್ದೀರಿ ಅಂತ ಯಾರೋ ಹೇಳಿದ್ರು. ಬರ್ಲಾ?"

ಗುರುರಾಜರ ನಗು ತಣಿದ ಬೋಂಡದಂತೆ ಮುದುಡಿತು. ಶ್ಯಾಮಲಾ ಬಾಗಿಲು ತಲುಪಿದ್ದರು. ಬೆಳಗಿನಿಂದ ಚನಬಸಪ್ಪ ಮುಚ್ಚಿಟ್ಟಿದ್ದ ಸತ್ಯ ಆಗ ತಾನಾಗಿ ಹೊರಬಿತ್ತು.

"ಮೇಡಂ! ನಿಲ್ರಿ ಮೇಡಂ! ಇದು ಹಳೇದೇ ಐತ್ರಿ!"

ಗಾಬರಿಯಲ್ಲಿ ಅವನ ಬಾಯಿಂದ ತನ್ನೂರು ರಾಣೆಬೆನ್ನೂರಿನ ಮಾತು ಬಂದುಬಿಟ್ಟಿತ್ತು. ಓಡಿಹೋಗಿ ಡಬ್ಬಿಯ ಮುಚ್ಚಳ ಕಿತ್ತ, ನೀಲಿ ಪೇಪರ್ ಹರಿದ, ಸ್ಕ್ರೀನಿನ ಸೊನ್ನೆಯ ಗುಟ್ಟನ್ನೂ ಹೇಳಿದ. ಸಿದ್ದಾರ್ಥ ಮೇಜಿನ ಕೆಳಗೆ ಏನೋ ಹುಡುಕತೊಡಗಿದ. ಗುರುರಾಜರು ಚನಬಸಪ್ಪನನ್ನು ಹುರಿದು ತಿನ್ನುವಂತೆ ನೋಡಿದರು.

ಶ್ಯಾಮಲಾ ವಾಪಸು ಬಂದು ಹಳೇ ಮೋಡೆಮ್ಮನ್ನು ಕೈಗೆತ್ತಿಕೊಂಡರು. ಅವರ ತುಟಿಯ ತುದಿಯಲ್ಲಿ ನಗು ಕಂಡಿತು.

"ಸುಳ್ಳು ಹೇಳಿದ್ದು ತಪ್ಪು. ಆದ್ರೆ ಮೋಡೆಮ್ ಚೆನ್ನಾಗಿದೆ. ಇದನ್ನ ಮಾಡೋ ಅಚ್ಚು, ಮಿಷನ್ನು ಇನ್ನೂ ಇದೆಯಾ?"

"ಇದೆ ಮೇಡಂ! ದಿನಾ ಎಣ್ಣೆ ಹಾಕ್ತೀವಿ!" ಎಂದರು ಗುರುರಾಜರು. ಎಳ್ಳುನೀರು ಬಿಟ್ಟ ಬಾಯಿಯಲ್ಲೇ.

ಸಂಜೆಯ ಹೊತ್ತಿಗೆ ಮಾತುಕತೆ ಕುದುರಿತು. ಕಂಪನಿ ಉಳಿಯಿತು. ಕ್ಯಾಂಟೀನಿನಿಂದ ಕೇಸರಿಬಾತು ಬಂತು. ಗುರುರಾಜರು ಎಲ್ಲರೆದುರು ಚನಬಸಪ್ಪನನ್ನು ಬಿಗಿದಪ್ಪಿ, "ನೀನಿಲ್ದಿದ್ರೆ ನಾವ್ಯಾರೂ ಉಳೀತಿರ್ಲಿಲ್ಲ ಕಣಯ್ಯಾ!" ಎಂದು ಕಣ್ಣೊರೆಸಿಕೊಂಡರು. ಬೆಳಗಿನಿಂದ ಮೊದಲ ಸಲ ಚನಬಸಪ್ಪನ ಉಸಿರು ಸರಾಗವಾಗಿ ಆಡಿತು.

ಹೊರಡುವ ಮುನ್ನ ಶ್ಯಾಮಲಾ ತಿರುಗಿ ನಿಂತರು. "ಒಂದೇ ಷರತ್ತು ಗುರುರಾಜ್. ನಾನು ಹಾಕೋ ದುಡ್ಡೆಲ್ಲಾ ಹಳೇ ಮೋಡೆಮ್‌ಗೇ ಹೋಗ್ಬೇಕು. ಆ ಹೊಸ ಸ್ಟ್ಯಾಂಡರ್ಡ್ ವಿಭಾಗ ನಾಳೆಯಿಂದಲೇ ಬಂದ್. ಅದರಲ್ಲಿರೋರನ್ನೆಲ್ಲಾ ಕಳಿಸ್ಬಿಡಿ."

"ಖಂಡಿತ ಮೇಡಂ, ಅದಕ್ಕೇನಂತೆ!" ಎಂದ ಗುರುರಾಜರು, ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ಚನಬಸಪ್ಪನ ಕಡೆ ತಿರುಗಿದರು. "ಏನಯ್ಯಾ, ಆ ವಿಭಾಗದಲ್ಲಿ ಈಗ ಎಷ್ಟ್ ಜನ ಇದ್ದೀರಾ?"

"ನಾನೊಬ್ನೇ ಸಾರ್," ಎಂದ ಚನಬಸಪ್ಪ.